ಎದುರುಗಾಳಿಯ ಕಾವಾಬೆ ಸಾನ್

ಜಪಾನಿನ ನಿಶಿ ಕಸಾಯಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರಾಕಾವಾ ನದಿಯ ಏರಿಯ ಮೇಲೆ ಎರಡು ಸೈಕಲ್‌ಗಳು ಹೊರಟಿವೆ. ಮುಂದಿನದರಲ್ಲಿ ಎಪ್ಪತ್ತು ದಾಟಿದ ಕಾವಾಬೆ ಸಾನ್; ಇಲ್ಲಿಯ ‘ಸಾನ್’ ನಮ್ಮ ‘ಅವರು’ ಇದ್ದ ಹಾಗೆ. ಹಿಂದಿನದರಲ್ಲಿ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದುಕೊಂಡ ದಾವಣಗೆರೆಯ ಕಸ್ತೂರಿ. ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಇವರ ಬಗ್ಗೆ ಬರೆಯಲು ಬಂದು ದಂಡೆಯಲ್ಲಿ ಸುಮ್ಮನೆ ನಿಂತ ನಾನೇ ತೂರಾಡುತ್ತಿದ್ದೇನೆ. "ನನ್ನ ಬೆನ್ನು ನೋಡಿ ಅಮ್ಮಾ, ಭಯ ಬೇಡ," ಎನ್ನುತ್ತಾರೆ ಕಾವಾಬೆ ಸಾನ್. ಕನ್ನಡದಲ್ಲೇ ಎನ್ನುತ್ತಾರೆ! ಅವರಿಗೆ ಬರುವ ಕನ್ನಡ ಹೆಚ್ಚುಕಡಿಮೆ ಅಷ್ಟೇ. ಈ ಊರಿನ ನಮ್ಮ ಹೆಣ್ಣುಮಕ್ಕಳಿಗೆ ಅಷ್ಟು ಸಾಕಾಗಿದೆ.

ಇಲ್ಲಿ ಸೈಕಲ್ ಬಾರದ ತಾಯಿಗೆ ಕೈಕಾಲು ಕಟ್ಟಿಹಾಕಿದ ಹಾಗೆ. ಗಂಡಂದಿರು ರೈಲು ಹತ್ತಿ ಆಫೀಸಿಗೆ ಹೋಗಿಬಿಡುತ್ತಾರೆ. ಮಗುವನ್ನು ಶಿಶುವಿಹಾರಕ್ಕೆ ಬಿಡುವುದು, ತರಕಾರಿ, ಅಕ್ಕಿಮೂಟೆ ಎಲ್ಲಕ್ಕೂ ಸೈಕಲ್ಲೇ ಗತಿ. ಕಾವಾಬೆ ಸಾನ್ ಅವರ ಕಸುಬು ಪಂಕ್ಚರ್ ಹಾಕುವುದು, ಬ್ರೇಕ್ ಬಿಗಿಯುವುದು. ಆಟೋರಿಕ್ಷಾ ನಿಲ್ಲಿಸಿದರೆ ತುಂಬಿಹೋಗುವಷ್ಟು ಸಣ್ಣ ಅಂಗಡಿ. ಕಲಿಸುವುದು ಬೆಳಗಿನ ಹೊತ್ತಿನ ಪುಕ್ಕಟೆ ಕೆಲಸ. ಕಲಿತವರು ನಾಲ್ಕು ದಿನ ಹಿಂದೆ ಬಂದು, ಐದನೆಯ ದಿನ ಪಕ್ಕದಿಂದ ಮುಂದೆ ಹೋಗಿಬಿಡುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತೇವಲ್ಲ, ಹಾಗೆ. ಅವರಿಗೆ ಅದರಿಂದ ಬೇಸರವಿಲ್ಲ.

ಹಾಗೆ ಹೊಳೆ ದಾಟಿಯೂ ಅಂಬಿಗನನ್ನು ಬಿಡದವರು ಅಹಲ್ಯಾ. ಮೈಸೂರಿನವರು. ವರ್ಷಗಳ ಹಿಂದೆ ಮೊಟ್ಟೆಯ ಚೀಲದ ಸಮೇತ ರಸ್ತೆಯಲ್ಲಿ ಬಿದ್ದು, ಸೊಟ್ಟಗಾದ ಚಕ್ರ ತಳ್ಳಿಕೊಂಡು ಈ ಅಂಗಡಿಗೆ ಬಂದ ಮೊದಲ ಶಿಷ್ಯೆ. ಈಗ ಇಲ್ಲಿನ ಕನ್ನಡ ಕೂಟದ ಕಾರ್ಯದರ್ಶಿ. ಕಾವಾಬೆ ಸಾನ್ ಜಪಾನಿಯಲ್ಲಿ ಆಡುವುದನ್ನೆಲ್ಲ ನನಗೆ ಕನ್ನಡ ಮಾಡಿ ಹೇಳುತ್ತಿರುವವರೂ ಅವರೇ.

ಅಂಗಡಿಯ ಗೋಡೆಯಲ್ಲಿ ಒಂದು ಹಳೆಯ ಫೋಟೋ ಇದೆ. ಇಳಿಜಾರು ಕಟ್ಟಿದ ಓಟದ ಕಣದಲ್ಲಿ ಸೈಕಲ್‌ಗಳ ಸಾಲು. ಎಲ್ಲರಿಗಿಂತ ಮುಂದೆ, ಹಲ್ಲು ಕಚ್ಚಿದ ತರುಣ ಕಾವಾಬೆ. ಜನ ಬಾಜಿಗೆ ದುಡ್ಡು ಕಟ್ಟಿ ನೋಡುವ ಕೇರಿನ್ ಎಂಬ ಸೈಕಲ್ ಪಂದ್ಯ ಅದು. ಇದನ್ನು ನೋಡಿ ನಮ್ಮವರೆಲ್ಲ ಏನು ತಿಳಿದುಕೊಂಡಿರಬಹುದು ಹೇಳಿ? ಮುಂದಿದ್ದಾರೆ, ಗೆದ್ದಿದ್ದಾರೆ. ನಿವೃತ್ತ ಚಾಂಪಿಯನ್ ಒಬ್ಬರು ಪಂಕ್ಚರ್ ಹಾಕುತ್ತಿದ್ದಾರೆ, ಸರ್ಕಾರಕ್ಕೆ ಕಣ್ಣಿಲ್ಲವೇ ಎಂದು ಅಹಲ್ಯಾಗೆ ಕರುಳು ಚುರುಕ್ ಎಂದಿದೆ. ಇಲ್ಲಿ ದೇಶದ ಗೌರವಕ್ಕೆ ಸಾಮಾನ್ಯ ಜನರೂ ಹೆಸರು ಸೂಚಿಸಬಹುದು. ಸರಿ, ಮನೆಮನೆಗೆ ಹೋಗಿ ಸಹಿ ಮಾಡಿಸಿದರು. ಪ್ರಶಸ್ತಿಗಾಗಿ ಓಡಾಡುವುದು ನಮಗೇನು ಹೊಸದೇ! ಆದರೆ ಯಾರಿಗೆ ಪ್ರಶಸ್ತಿಯೋ ಅವರನ್ನೇ ಕೇಳಲಿಲ್ಲ. ರಾಜ್ಯೋತ್ಸವದ ದಿನ ಎಲ್ಲರೆದುರು ಹೇಳಿ ಅಚ್ಚರಿಪಡಿಸುವ ಆಸೆ.

ಆ ದಿನ ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಣೆಗೆ ನಿಂತಿದ್ದ ಯೋಕೋಹಾಮಾದ ಇಂಜಿನಿಯರ್ ಅಜಿತ್ "ನಮ್ಮ ಚಾಂಪಿಯನ್" ಎಂದು ಕೂಗಿ, ಪ್ರಶಸ್ತಿಗೆ ಸಹಿ ಮಾಡಿಸಿದ್ದನ್ನು ಹೇಳಿದಾಗ ಸಭಾಂಗಣವೆಲ್ಲ ಚಪ್ಪಾಳೆ. ಅಹಲ್ಯಾ ಕಿವಿಯಲ್ಲಿ ಅರ್ಥ ಹೇಳುತ್ತಿದ್ದಂತೆ ಕಾವಾಬೆ ಸಾನ್ ಮುಖ ಬಿಳಿಚಿಕೊಂಡಿತು. ಪೇಟ ತೆಗೆದು ಕುರ್ಚಿಯ ಮೇಲಿಟ್ಟು, ಸೊಂಟದಿಂದ ಬಾಗಿ, "ಸುಮಿಮಾಸೆನ್", ಕ್ಷಮಿಸಿ, ಎಂದರು. ಆಮೇಲೆ ಹೇಳಿದರು: "ಆ ಫೋಟೋ ತೆಗೆದಾಗ ಇನ್ನೂ ಒಂದು ಸುತ್ತು ಬಾಕಿ ಇತ್ತು. ಕೊನೆಗೆ ನಾನೇ ಕಡೆಯವನು. ಗೆದ್ದಿದ್ದು ಅದರಲ್ಲಿ ನನ್ನ ಹಿಂದೆ ಇದ್ದಾನಲ್ಲ, ಆ ನೆಮೊತೊ."

ಈ ಪಂದ್ಯದ ರೀತಿಯೇ ಹಾಗೆ. ಒಂದೇ ಸೀಮೆಯ ಸವಾರರು ಒಬ್ಬರ ಹಿಂದೊಬ್ಬರು ಸಾಲು ಕಟ್ಟುತ್ತಾರೆ. ಮುಂದಿನವನು ಗಾಳಿಯನ್ನೆಲ್ಲ ತನ್ನ ಎದೆಗೆ ತೆಗೆದುಕೊಳ್ಳುತ್ತಾನೆ. ಹಿಂದಿನವನು ಅವನ ಮರೆಯಲ್ಲಿ ಕಸುವು ಉಳಿಸಿಕೊಂಡು, ಕೊನೆಗೆ ಚಿಮ್ಮಿ ಗುರಿ ಮುಟ್ಟುತ್ತಾನೆ. ಕಾವಾಬೆ ಸಾನ್ ತಮ್ಮ ಓಟದ ವರ್ಷಗಳನ್ನೆಲ್ಲ ಹೀಗೆ ಮುಂದೆ ಹೋಗಿ ಸೋತು ಕಳೆದವರು.

ಅಂದು ಸಭೆಯಲ್ಲೇ ಒಂದು ಬೇಡಿಕೆ ಇಟ್ಟರು. ಮನವಿಯಲ್ಲಿ ತಮ್ಮ ಹೆಸರು ಹೊಡೆದುಹಾಕಿ ನೆಮೊತೊ ಹೆಸರು ಬರೆಯಬೇಕು. ಇಚಿಕಾವಾದ ಮಗಳ ಮನೆಯಲ್ಲಿರುವ ನೆಮೊತೊಗೆ ಲಕ್ವಾ ಹೊಡೆದಿದೆ. ಇನ್ನೊಂದು ಸಲ ಹೊಡೆದರೆ ಉಳಿಯುವುದು ಕಷ್ಟವಂತೆ. ಗೌರವ ಕೊಡುವುದಿದ್ದರೆ ಬೇಗ ಕೊಡಬೇಕು. ನೆಮೊತೊ ಅವರ ಹಳೆಯ ಅಭಿಮಾನಿಗಳು ಈಗಾಗಲೇ ಅವರಿಗೆ ಪದಕ ಕೊಡಿ ಎಂದು ಕೇಳಿದ್ದಾರೆ; ಜೂಜಿನ ಪಂದ್ಯದವನಿಗೆ ದೇಶದ ಪದಕ ಏಕೆ ಎಂದು ತಕರಾರೆತ್ತಿದವರೂ ಇದ್ದಾರೆ.

ಈ ಜೂಜಿನ ಮಾತನ್ನು ನಾನೂ ಅಂಗಡಿಯಲ್ಲಿ ಅವರ ಮುಂದಿಟ್ಟೆ. ಕಾವಾಬೆ ಸಾನ್ ಕೋಪಿಸಿಕೊಳ್ಳಲಿಲ್ಲ. "ಸಂಬಳ ಎಲ್ಲಾ ಕಟ್ಟಿ ಕಳ್ಕೊಂಡು, ಬೇಲಿ ಆಚೆ ನಿಂತು ಅಳ್ತಿದ್ದವರನ್ನ ನೋಡಿದ್ದೀನಿ. ತಕರಾರು ಸುಳ್ಳಲ್ಲ. ಆದ್ರೆ ನೆಮೊತೊ ಒಂದು ದಿನವೂ ಅರೆಮನಸ್ಸಲ್ಲಿ ಓಡಿಸಿದವನಲ್ಲ. ಜನ ನಂಬಿದ್ದಾರೆ ಅಂತ ಅವನಿಗೆ ಗೊತ್ತಿತ್ತು."

ಅಹಲ್ಯಾಗೆ ಮಾತ್ರ ಅಂದು ಸಿಟ್ಟು ಬಂದಿತ್ತು. ಈಗಲೂ ಮುಚ್ಚಿಡುವುದಿಲ್ಲ. "ನಿಮ್ಮ ನೆಮೊತೊ ಸಾನ್ ನಮಗೇನು ಮಾಡಿದ್ದಾರೆ? ಬಿದ್ದಾಗ ಎತ್ತಿದ್ದು ನೀವು ತಾನೆ? ಅಂತ ಕೇಳ್ಬಿಟ್ಟೆ," ಎನ್ನುತ್ತಾರೆ. ಅದಕ್ಕೆ ಬಂದ ಉತ್ತರ: "ಪಕ್ಕದಿಂದ ನುಗ್ಗಿ ಬರೋರನ್ನ ಹಿಂದೆ ಇರೋನು ಭುಜ ಕೊಟ್ಟು ತಡೀಬೇಕು. ಅದು ಅವನ ಕೆಲಸ. ನೆಮೊತೊ ಅದಕ್ಕೇ ಎರಡು ಸಲ ಮೂಳೆ ಮುರ್ಕೊಂಡ. ಅವನಿದ್ದಾನೆ ಅಂತ ನಾನು ಒಂದ್ಸಲವೂ ಹಿಂದೆ ತಿರುಗಿ ನೋಡಿಲ್ಲ. ನಿಮಗೆ ಮುಂದೆ ನಿಂತು ಕಲಿಸೋ ಧೈರ್ಯ ಅಲ್ಲಿಂದ ಬಂದಿದ್ದು."

ಅಹಲ್ಯಾ ಮತ್ತೆ ಅದೇ ಮನೆಗಳ ಬಾಗಿಲು ತಟ್ಟಿದರು. ಗೊತ್ತಿಲ್ಲದವರಿಗೆ ನಾವೇಕೆ ಸಹಿ ಹಾಕಬೇಕು ಎಂದು ಕೆಲವರು ಬಾಗಿಲು ಹಾಕಿಕೊಂಡರು. ಹೆಚ್ಚಿನವರು ಕಾವಾಬೆ ಸಾನ್ ಮಾತಿಗೆ ಬೆಲೆ ಕೊಟ್ಟು ಹಾಕಿದರು. ಸನ್ಮಾನದ ಸಾಮಾನಿನಲ್ಲಿ ಹಣ್ಣಿನ ಬುಟ್ಟಿಯನ್ನು ಮಾತ್ರ ಕಾವಾಬೆ ಸಾನ್ ಇಟ್ಟುಕೊಂಡಿದ್ದರು. ಮಾರನೆಯ ದಿನವೇ ಅದನ್ನು ಸೈಕಲ್ಲಿಗೆ ಕಟ್ಟಿ ಇಚಿಕಾವಾಕ್ಕೆ ಒಯ್ದರಂತೆ.

ಮನವಿ ಹೋಗಿದೆ, ಉತ್ತರ ಬಂದಿಲ್ಲ. ಬರುತ್ತದೆಂದು ಯಾರೂ ಭರವಸೆ ಕೊಟ್ಟಿಲ್ಲ. ಅಂಗಡಿಯ ಮೂಲೆಯಲ್ಲಿ ಮೂರು ಚಕ್ರದ ಸೈಕಲ್ಲೊಂದು ಅರ್ಧ ಸಿದ್ಧವಾಗಿ ನಿಂತಿದೆ. ಯಾರದ್ದೆಂದು ಕೇಳುತ್ತೇನೆ. ಎರಡು ಚಕ್ರದ ಮೇಲೆ ನಿಲ್ಲಲಾರದ ನೆಮೊತೊಗಂತೆ. ಕಾವಾಬೆ ಸಾನ್ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ:

"ಪದಕ ಸಿಕ್ಕಿದ್ರೆ ಚಕ್ರವರ್ತಿಗಳ ಅರಮನೆಗೆ ಹೋಗ್ಬೇಕಾಗುತ್ತೆ. ಸ್ಟೇಷನ್ನಿಂದ ಆಚೆಗೆ ಸೈಕಲ್ಲಲ್ಲೇ ಹೋಗೋಣ ಅಂದಿದ್ದೀನಿ. ಅಲ್ಲಿ ಕಂದಕದ ಪಕ್ಕ ಗಾಳಿ ಜಾಸ್ತಿ. ನಾನು ಮುಂದೆ ಇರ್ತೀನಿ. ಬಾಗಿಲು ಬಂದಾಗ ಅವನು ಮುಂದೆ ಹೋಗ್ಲಿ."