ಒಳಗೆ ಬಿಟ್ಟ ಬಟ್ಟೆ

ಅವಳ ಉಗುರುಗಳು ನೇರಳೆ ಹಣ್ಣು ಹಿಸುಕಿದ ಬಣ್ಣ. ಬೆರಳ ತುದಿಗಳು ದುಂಡಗೆ ಉಬ್ಬಿದ್ದವು. ಸೂಜಿ ಚುಚ್ಚದಿರಲಿ ಅಂತ ಹಾಕಿಕೊಳ್ಳುವ ತಗಡಿನ ಟೊಪ್ಪಿಗೆ ಒಂದೂ ಹಿಡಿಸುತ್ತಿರಲಿಲ್ಲ. ಹೊಸದಾಗಿ ಬಂದ ಹೆಂಗಸರು ಆ ಕೈ ನೋಡಿ ರವಿಕೆ ಬಟ್ಟೆ ಕೊಡಲೋ ಬೇಡವೋ ಅಂತ ನಿಲ್ಲುತ್ತಿದ್ದರು. "ಬಣ್ಣ ಬಿಡಲ್ಲ, ಕೊಡ್ರಿ" ಅನ್ನುತ್ತಿದ್ದಳು.

ನ್ಯಾಮತಿಯಲ್ಲಿ ನಮ್ಮ ಮನೆಗೂ ಈ ಹೊಲಿಗೆಯಾಕೆಯ ಮನೆಗೂ ಗೋಡೆ ಒಂದೇ. ಹುಟ್ಟಿದಾಗಿಂದಲೇ ಅವಳ ಹೃದಯದಲ್ಲಿ ತೂತಿತ್ತು. ಮಿಷನ್ನು ತುಳಿದರೆ ಏದುಸಿರು ಬರುತ್ತಿತ್ತು, ಅದಕ್ಕೆ ಕೈಯಲ್ಲಿ ತಿರುಗಿಸುವ ಮಿಷನ್ನು ಇಟ್ಟುಕೊಂಡು ಕಿಟಕಿ ಪಕ್ಕ ಕೂತಿರುತ್ತಿದ್ದಳು. ಅವಳು ಹೊಲಿದ ರವಿಕೆಗಳು ಚನ್ನಗಿರಿ, ಜಗಳೂರಿನ ಮದುವೆಗಳಿಗೆಲ್ಲ ಹೋಗಿಬಂದವು. ಅವಳು ಬಸ್‌ ಸ್ಟ್ಯಾಂಡಿನವರೆಗೂ ನಡೆಯಲಾರಳು. "ಎಲ್ಲಿಗೂ ಹೋಗಲ್ವೇನೇ?" ಅಂತ ನಾನು ಕೇಳಿದರೆ, "ಹೋಗಾಕೆ ಕಾಲು ಐತೆ ದೊಡ್ಡಮ್ಮ, ಎದೆ ರಜಾ ಕೊಡಲ್ಲ" ಅನ್ನುವಳು.

ಮಕ್ಕಳ ಬಟ್ಟೆಯಾದರೆ ಪಕ್ಕಕ್ಕೂ ಅಂಚಿಗೂ ಒಂದಿಷ್ಟು ಬಟ್ಟೆ ಒಳಗೇ ಮಡಿಚಿ ಹೊಲಿಯುತ್ತಿದ್ದಳು. "ಬೆಳೆಯೋ ಕೂಸು. ಬೇಕಾದಾಗ ಬಿಚ್ಕೊಳ್ರಿ."

ಈಗ ನನ್ನ ತಪ್ಪು ಬರೆಯುತ್ತೇನೆ. ಅವಳು ಏಳು ವರ್ಷದವಳಿದ್ದಾಗ ಶಾಲೆಗೆ ಬಂದ ಡಾಕ್ಟರು ತೂತು ಐತೆ ಅಂತ ಪತ್ತೆ ಮಾಡಿ, ಬೇಗ ಆಪರೇಷನ್ ಮಾಡಿಸಿ ಅಂದಿದ್ದರು. ಅವಳ ತಾಯಿ ನನ್ನನ್ನು ಕೇಳಲು ಬಂದಳು. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಓಣಿಗೆಲ್ಲ ಬುದ್ಧಿ ಹೇಳುವವಳು ನಾನೇ. "ಎದೆ ಸೀಳಿಸ್ಕೊಂಡ ಹುಡುಗಿನ ಯಾರು ಮಾಡ್ಕೋತಾರೆ? ದೊಡ್ಡೋಳಾದಂಗೆ ತಾನೇ ಮುಚ್ಕೋತೈತೆ ಬಿಡು" ಅಂದೆ. ಹುಡುಗಿ ತಾಯಿಯ ಸೆರಗು ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು.

ತೂತು ಮುಚ್ಚಲಿಲ್ಲ. ಮದುವೆಯೂ ಆಗಲಿಲ್ಲ. ಇಪ್ಪತ್ತು ದಾಟುವಷ್ಟರಲ್ಲಿ ಉಗುರು ನೀಲಿಯಾದವು. ದಾವಣಗೆರೆಯ ಡಾಕ್ಟರು ಹೇಳಿದ್ದನ್ನು ಅವಳೇ ನನಗೆ ಹೇಳಿದಳು, ಸೂಜಿಗೆ ದಾರ ಪೋಣಿಸುತ್ತ: "ಕಾಲ ಮೀರೈತಂತೆ. ಶ್ವಾಸಕೋಶದ ನರ ಬಿರುಸಾಗ್ಯಾವಂತೆ. ಈಗ ರಕ್ತಕ್ಕೆ ಆ ತೂತೇ ದಾರಿ. ಅದನ್ನ ಮುಚ್ಚಿದ್ರೆ ನಾನೇ ಮುಚ್ಕೋತೀನಂತೆ."

ನಗುತ್ತ ಹೇಳಿದಳು. ನಾನು ನಗಲಿಲ್ಲ. ತಪ್ಪಾಯ್ತು ಅಂತಲೂ ಅನ್ನಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಗೋಡೆಯ ಆಚೆ ಅವಳ ಮಿಷನ್ನಿನ ಸದ್ದು. ಎದ್ದು ಎಲ್ಲಿಗೆ ಹೋಗಲಿ? ಅವಳು ಆ ಕಡೆ ಸಿಕ್ಕಿಬಿದ್ದಿದ್ದಳು, ನಾನು ಈ ಕಡೆ.

ನನ್ನ ಮೊಮ್ಮಗಳಿಗೆ ಐದು ತುಂಬಿದಾಗ ಶಾಲೆ ಬಟ್ಟೆಯ ಅಳತೆಗೆ ಕರೆದುಕೊಂಡು ಹೋದೆ. ಟೇಪನ್ನು ಕೂಸಿನ ಎದೆಗೆ ಸುತ್ತಿದವಳು ಅಲ್ಲೇ ಕೈ ನಿಲ್ಲಿಸಿದಳು. ಟೇಪು ಬಿಟ್ಟು ಅಂಗೈ ಇಟ್ಟಳು.

"ದೊಡ್ಡಮ್ಮ, ಇಲ್ಲಿ ಕೈ ಇಡ್ರಿ."

"ಯಾಕೆ?"

"ಇಡ್ರಿ ಅಂದೆ."

ಇಟ್ಟೆ. ಎಳೆ ಪಕ್ಕೆಲುಬಿನ ಕೆಳಗೆ ಗರ್ರ್ ಅಂತ ಅದುರುತ್ತಿತ್ತು.

"ಮಿಷನ್ ಓಡಿದಂಗೈತಲ್ಲ? ನನ್ನದೂ ಹಿಂಗೇ ಓಡ್ತಿತ್ತು. ನಾಳೆನೇ ತೋರಿಸ್ರಿ."

ಇದೂ ತೂತೇ. ಈಗಾದರೆ ಮುಚ್ಚಬಹುದು, ತಡ ಮಾಡಬೇಡಿ ಅಂದರು ಡಾಕ್ಟರು. ಹೊನ್ನಾಳಿಯಿಂದ ಸೊಸೆಯ ತಾಯಿ, ನಮ್ಮ ಬೀಗಿತ್ತಿ, ಬಂದು ಕೂತರು. "ಹೆಣ್ಣು ಕೂಸು ರೀ. ಎದೆ ಮೇಲೆ ಗಾಯ ಇದ್ರೆ ನಾಳೆ ಯಾರು ಮಾಡ್ಕೋತಾರೆ? ದೊಡ್ಡೋಳಾದಂಗೆ ಮುಚ್ಕೋತೈತೆ."

ಮಗ, ಸೊಸೆ ನನ್ನ ಮುಖ ನೋಡಿದರು. ನನ್ನದೇ ಮಾತು ನನ್ನ ಪಡಸಾಲೆಗೆ ಬಂದು ಕೂತಿತ್ತು. ಅದನ್ನು ತಳ್ಳಿಹಾಕಿದರೆ ಅವತ್ತು ಹೇಳಿದ್ದು ತಪ್ಪು ಅಂತ ಒಪ್ಪಿಕೊಂಡಂತೆ.

ಗೋಡೆಯಾಚೆ ಮಿಷನ್ನು ನಿಂತಿತು. ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಅವಳು ಎರಡು ಸಲ ಕಟ್ಟೆ ಮೇಲೆ ಕೂತಳು. ಬಾಗಿಲು ಹಿಡಿದು, ಉಸಿರು ಸಿಕ್ಕ ಮೇಲೆ ಬೀಗಿತ್ತಿಗೆ ಹೇಳಿದಳು: "ಕೊರಳು ಮೇಲಿಟ್ಟು ಅಂಗಿ ಹೊಲಿದು ಕೊಡ್ತೀನ್ರಿ. ಗಾಯ ಮುಚ್ಚಾಕೆ ನಾನು ಅದೀನಿ. ತೂತು ಮುಚ್ಚಾಕೆ ಡಾಕ್ಟ್ರೇ ಬೇಕು."

ಆಮೇಲೆ ನನ್ನ ಕಡೆ ತಿರುಗಿದಳು. "ದೊಡ್ಡಮ್ಮ, ಈ ಸಲಾನೂ ನೀವೇ ಹೇಳ್ರಿ."

ಅಷ್ಟು ವರ್ಷದಲ್ಲಿ ಅದೊಂದೇ ಸಲ ಅವಳು ಆ ಮಾತು ಎತ್ತಿದ್ದು.

"ಮಾಡಿಸ್ರಿ" ಅಂದೆ. "ಅವತ್ತು ಇವಳ ಅಮ್ಮಂಗೆ ಬೇಡ ಅಂದೋಳು ನಾನೇ. ಆ ಉಗುರು ನೋಡ್ರಿ."

ಬೀಗಿತ್ತಿ ನೋಡಿದರು.

ಆಪರೇಷನ್ ಆಯಿತು. ಹೇಳಿದಂತೆ ಕೊರಳು ಮೇಲಿಟ್ಟು ಎರಡು ಅಂಗಿ, ಜೊತೆಗೆ ಶಾಲೆಗೊಂದು ನೀಲಿ ಲಂಗ ಹೊಲಿದುಕೊಟ್ಟಳು. ಮೊಮ್ಮಗಳು ಗಾಯ ಮುಚ್ಚಿಕೊಳ್ಳಲೇ ಇಲ್ಲ. ಗುಂಡಿ ಬಿಚ್ಚಿ ಓಣಿಯ ಮಕ್ಕಳಿಗೆಲ್ಲ ತೋರಿಸಿ ಬಂದಳು. ಅದನ್ನು ಕೇಳಿ ಹೊಲಿಗೆಯಾಕೆ, "ನನ್ನ ಕೆಲಸ ದಂಡ ಮಾಡಿದ್ಲು ನೋಡ್ರಿ" ಅಂದಳು.

ಹೋದ ವರ್ಷ ತೀರಿಕೊಂಡಳು. ಒಂದು ಬೆಳಗ್ಗೆ ಮಿಷನ್ನಿನ ಸದ್ದು ಬರಲಿಲ್ಲ, ನನಗೆ ಗೊತ್ತಾಯಿತು. ತಪ್ಪಾಯ್ತು ಅನ್ನುವ ಮಾತು ನನ್ನಲ್ಲೇ ಉಳಿಯಿತು.

ಈ ಸಲ ಶಾಲೆ ಶುರುವಾಗುವಾಗ ಮೊಮ್ಮಗಳ ಆ ನೀಲಿ ಲಂಗ ಗಿಡ್ಡವಾಗಿತ್ತು. ಅಂಚು ಬಿಚ್ಚಿದೆ. ಹೊರಗಿನ ಬಟ್ಟೆ ಒಗೆದು ಒಗೆದು ಮಾಸಿತ್ತು. ಅವಳು ಒಳಗೆ ಬಿಟ್ಟದ್ದು ಹೊಸದಾಗೇ ಇತ್ತು.

"ಅಜ್ಜಿ, ಇನ್ನೂ ಐತಾ?" ಮೊಮ್ಮಗಳು ಬಗ್ಗಿ ನೋಡಿದಳು.

ಇನ್ನೊಂದು ಮಡಿಕೆ ಇತ್ತು. ಅದನ್ನು ಬಿಚ್ಚಲಿಲ್ಲ.

"ಐತೆ" ಅಂದೆ. "ಮುಂದಿನ ವರ್ಷಕ್ಕೆ."