ಬಿಚ್ಚದ ಮಡಿಕೆ

ಬೀದಿಗೆಲ್ಲ ಟೈಲರಕ್ಕನೇ ಆಗಿದ್ದ ಆಕೆ ಮಗಳ ಫ್ರಾಕನ್ನು ಹೊಟ್ಟೆಯ ಹತ್ತಿರ ಮತ್ತೆ ಮತ್ತೆ ಬಿಚ್ಚಿ ಅಗಲ ಮಾಡಿದ್ದಳು. "ನನ್ನ ಕೈಯಡುಗೆ ಮೈಗೆ ಹತ್ತಿದೆ ನೋಡ್ರಿ," ಎಂದು ಗಿರಾಕಿಗಳ ಮುಂದೆ ಬೀಗುತ್ತಿದ್ದಳು. ಮಗುವಿನ ಮೂಗಿನಿಂದ ರಕ್ತ ಸೋರತೊಡಗಿದಾಗಲೇ ಆಸ್ಪತ್ರೆಗೆ ಓಡಿದ್ದು.

ದೇಹ ಕರಗಿಸಬೇಕಾದ ಒಂದು ಬಗೆಯ ಕೊಬ್ಬು ಕರಗದೆ ಗುಲ್ಮದಲ್ಲಿ, ಯಕೃತ್ತಿನಲ್ಲಿ ತುಂಬಿಕೊಳ್ಳುತ್ತಿದೆ, ಹೊಟ್ಟೆ ಉಬ್ಬಿದ್ದು, ಮೂಗಿನಿಂದ ರಕ್ತ ಸೋರಿದ್ದು ಎರಡೂ ಅದರಿಂದಲೇ ಎಂದು ಡಾಕ್ಟರು ಬಿಡಿಸಿ ಹೇಳಿದರು. ಹುಟ್ಟಿನಿಂದಲೇ ಬಂದ ಅಪರೂಪದ ಕಾಯಿಲೆ. ಪೂರ್ತಿ ವಾಸಿ ಮಾಡುವ ಮದ್ದಿಲ್ಲ.

"ನಮ್ಮ ಕಡೆ ಯಾರಿಗೂ ಇಲ್ಲಪ್ಪ. ಎಲ್ಲ ಇವಳ ತವರಿನ ಉಡುಗೊರೆ," ಎಂದರು ಜೊತೆಗೆ ಬಂದಿದ್ದ ಅತ್ತೆ.

"ಇಬ್ಬರ ಕಡೆಯಿಂದಲೂ ಬಂದರೇನೇ ಇದು ಕಾಣಿಸ್ಕೊಳ್ಳೋದು, ಅಜ್ಜಿ. ಅಪ್ಪ ಅಮ್ಮನಿಗೆ ಏನೂ ಆಗಿರಲ್ಲ," ಎಂದ ಡಾಕ್ಟರು ಅವಳತ್ತ ತಿರುಗಿದರು. "ಮಗು ಉದ್ದ ಬೆಳೀತಿತ್ತೇನಮ್ಮ?"

ಅವಳು ಮನೆಗೆ ಬಂದು ಫ್ರಾಕು ತಿರುವಿ ನೋಡಿದಳು. ಬೆಳೆದ ಹಾಗೆ ಇಳಿಬಿಡಲೆಂದು ಅಂಚಿನಲ್ಲಿ ಮಡಚಿ ಹೊಲಿದಿದ್ದ ಬಟ್ಟೆ ಹಾಗೇ ಇತ್ತು. ಅಷ್ಟು ಸಲ ಸೊಂಟ ಬಿಚ್ಚಿದವಳಿಗೆ ಅಂಚು ಬಿಚ್ಚಿಲ್ಲವೆಂಬುದು ಹೊಳೆದೇ ಇರಲಿಲ್ಲ.

ಹೊಸ ಬಟ್ಟೆ ಕತ್ತರಿಸಲು ಕೂತಾಗ ಮಗಳು ಮಿಷನ್ನಿಗೆ ಒರಗಿ ನಿಂತಳು. "ಅಮ್ಮಾ, ಕೆಳಗೆ ಜಾಸ್ತಿ ಮಡಚು. ನಾನು ಉದ್ದ ಆಗ್ತೀನಲ್ಲ?"

ಅವಳು ನಾಲ್ಕು ಬೆರಳಗಲ ಮಡಚಿ, ಬಿಚ್ಚಲು ಸುಲಭವಾಗುವಂತೆ ಸಡಿಲವಾಗಿ ಹೊಲಿದಳು.