ಒಬ್ಬಟ್ಟಿಗೆ ಹಾಕಿದ ರುಜು

ಮನೆಯಲ್ಲಿ ನನ್ನ ಮಾತಿಗೆ ಯಾರೂ ಕಿವಿಗೊಡುವುದಿಲ್ಲವೆಂದೋ ಏನೋ, ಮಧುಗಿರಿಯಲ್ಲಿ ಕಾನೂನು ಅರಿವಿನ ಸ್ವಯಂಸೇವಕಿ ಬೇಕೆಂದಾಗ ನಾನಾಗಿಯೇ ಹೋಗಿ ಸೇರಿಕೊಂಡೆ. ಊರೂರಿಗೆ ಹೋಗಿ ಹೆಂಗಸರಿಗೆ ಅವರ ಹಕ್ಕು ತಿಳಿಸುವ ಕೆಲಸ. ಶಿರಾದಲ್ಲಿ ಕಾಯ್ದೆಯ ಕಲಂಗಳನ್ನು ಓದಿದೆ, ಮುಂದಿನ ಸಾಲಿನವರೇ ತೂಕಡಿಸಿದರು. ಕೊರಟಗೆರೆ ಬಸ್ ನಿಲ್ದಾಣದಲ್ಲಿ ಕರಪತ್ರ ಹಂಚಿದೆ. ಗೊರವನಹಳ್ಳಿ ಗುಡಿಗೆ ಹೊರಟಿದ್ದವರು ಭಕ್ತಿಯಿಂದ ಎರಡೂ ಕೈಯೊಡ್ಡಿ ತೆಗೆದುಕೊಂಡರು. ಸಂಜೆ ನೋಡಿದರೆ ಅದರಲ್ಲೇ ಅಮ್ಮನವರ ಕುಂಕುಮ ಕಟ್ಟಿಕೊಂಡು ಬಸ್ಸಿಳಿಯುತ್ತಿದ್ದಾರೆ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಆವತ್ತು ಮನೆಗೆ ಬಂದು ಒಗ್ಗರಣೆ ಸೌಟಿನ ಮೇಲೆ ತೀರಿಸಿಕೊಂಡೆ.

ಆದರೆ ಒಂದು ಕೆಲಸವನ್ನು ಎಲ್ಲ ಊರಿನವರೂ ತಪ್ಪದೆ ಮಾಡುತ್ತಿದ್ದರು. ಹಾಜರಿ ಹಾಳೆ ಬಂದರೆ ಸಾಕು, ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಇಟ್ಟುಕೊಂಡು ರುಜು ಹಾಕಿಬಿಡುವರು. ಮೇಲೆ ಏನು ಬರೆದಿದೆ ಎಂದು ನೋಡುವವರೇ ಇಲ್ಲ. ನಮ್ಮ ಕಡೆ ಅದೊಂದು ರಿವಾಜು. ಓದಿ ರುಜು ಹಾಕಿದರೆ ಕಾಗದ ಕೊಟ್ಟವರ ಮೇಲೆ ಅನುಮಾನ ಪಟ್ಟ ಹಾಗೆ, ಅದು ಮರ್ಯಾದೆಯಲ್ಲ.

ನನಗೊಂದು ಕಿತಾಪತಿ ಹೊಳೆಯಿತು. ಪಾವಗಡದಾಚೆ ರಾಯಚರ್ಲು ಕಡೆಯ ಒಂದು ಊರಿಗೆ ಹೋದಾಗ ಹಾಳೆಯ ಮೇಲ್ಗಡೆ ದುಂಡಗೆ ಹೀಗೆ ಬರೆದೆ: ‘ಊರಿಗೆಲ್ಲ ನಾನು ಒಬ್ಬಟ್ಟಿನ ಊಟ ಹಾಕಿಸುತ್ತೇನೆಂದು ಒಪ್ಪಿ ಮಾಡಿದ ರುಜು.’ ಹಾಳೆ ಸುತ್ತಿ ವಾಪಸು ಬಂತು. ಆ ಊರಿನ, ಕಾಲೇಜು ಓದಿದ ಸೊಸೆಯೊಬ್ಬಳೂ ಹಾಕಿದ್ದಳು. ಆಮೇಲೆ ಗಟ್ಟಿಯಾಗಿ ಓದಿದೆ. ಮೂಲೆಯಲ್ಲಿದ್ದ ಅಜ್ಜಿಯೊಬ್ಬರು, “ಬ್ಯಾಳೆ ಬೆಲ್ಲ ನೀನು ತಂದ್ಕೊಡ್ತೀಯೇನಮ್ಮ?” ಎಂದಿದ್ದೇ ತಡ, ಸೆರಗು ಬಾಯಿಗಿಟ್ಟುಕೊಂಡು ಎಲ್ಲರೂ ನಕ್ಕರು. ಆವತ್ತು ಒಬ್ಬರೂ ತೂಕಡಿಸಲಿಲ್ಲ.

ನಗದೇ ಇದ್ದವಳು ಒಬ್ಬಳೇ, ಮೊದಲ ರುಜು ಹಾಕಿದವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಕುರಿ ಸಾಕಿಕೊಂಡಿದ್ದಳು. ಅಪ್ಪ ಬಿಟ್ಟುಹೋದ ಹೊಲದ ಮೂಲೆಯಲ್ಲಿ ಕುರಿ ಕೂಡಲು ಮುಳ್ಳುಬೇಲಿಯ ರೊಪ್ಪ ಕಟ್ಟಿಕೊಂಡಿದ್ದಳು. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದಳು.

“ಅಕ್ಕಾ, ಹೊಲ ಸೋಲಾರ್‌ಗೆ ಕೊಡ್ತಾವ್ರೆ. ಸೋಮವಾರ ನಮ್ಮಣ್ಣ ರಿಜಿಸ್ಟ್ರು ಆಫೀಸ್ಗೆ ಕರ್ದವ್ನೆ, ನಂದೊಂದು ರುಜು ಬೇಕಂತೆ. ರೊಪ್ಪ ನಿಂಗೇ ಬುಡ್ತೀನಿ ಅಂದವ್ನೆ.”

“ಕಾಗದದಲ್ಲಿ ಹಾಗೆ ಬರೆದಿದೆಯಾ?”

“ಒಡಹುಟ್ಟಿದೋನ್ನ ಅಂಗೆಲ್ಲ ಕೇಳಾಕಾಯ್ತೈತಾ?”

ರೊಪ್ಪ ಹೋದರೆ ಕುರಿ ಹೋದ ಹಾಗೆ, ಕುರಿ ಹೋದರೆ ಅವಳಿಗೆ ಬೇರೆ ಅನ್ನದ ದಾರಿಯಿಲ್ಲ. ಹೆಣ್ಣುಮಕ್ಕಳಿಗೂ ಸಮಪಾಲಿದೆ, ಕೇಳುವುದು ತಪ್ಪಲ್ಲ ಎಂದು ಹೇಳಿದೆ. ತಲೆಯಾಡಿಸಿ ಹೋದಳು. ಅವಳು ಕೇಳುತ್ತಾಳೆಂದು ನನಗೇನೂ ನಂಬಿಕೆ ಬರಲಿಲ್ಲ.

ಸೋಮವಾರ ಮೊದಲ ಬಸ್ಸಿಗೇ ಹೋದೆ. ಆಫೀಸಿನ ಮುಂದೆ ಬೇವಿನ ಮರದ ಕೆಳಗೆ ಪತ್ರ ಬರೆಯುವವರ ಮೇಜು. ಅಣ್ಣ ಒಳ್ಳೆಯವನೇ, ತಂಗಿಗೆ ಇಡ್ಲಿ ಕೊಡಿಸಿ ಕರೆತಂದಿದ್ದ. ಪತ್ರ ಬರೆಯುವವರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, “ಇಲ್ಲಿ, ಇಲ್ಲಿ, ಹಾಕಮ್ಮ” ಎಂದರು. ಅವಳು ಪೆನ್ನು ತೆಗೆದುಕೊಂಡಳು. ಹಿಡಿದಳು. ಮೇಜಿನ ಮೇಲೆ ಇಟ್ಟುಬಿಟ್ಟಳು.

“ಓದಿ ಸ್ವಾಮಿ, ಕೇಳಾನ.”

ಅಣ್ಣನ ಮುಖ ಸಪ್ಪಗಾಯಿತು. “ನನ್ ಮ್ಯಾಲೆ ನಂಬ್ಕೆ ಇಲ್ವೇನವ್ವ?”

“ನಿನ್ ಮ್ಯಾಲೈತೆ ಅಣ್ಣಾ, ನನ್ ಮ್ಯಾಲೇ ಇಲ್ಲ. ಮೊನ್ನೆ ಊರಿಗೆಲ್ಲ ಒಬ್ಬಟ್ಟು ಬರ್ಕೊಟ್ಟು ಬಂದ್ಬುಟ್ಟಿದೀನಿ.” ಸರದಿಯಲ್ಲಿ ನಿಂತವರೂ ನಕ್ಕರು. ಅವಳು ಮಾತ್ರ ಗಾಬರಿಗೆ ಮನೆಮಾತು ತೆಲುಗಿಗೇ ಹೊರಳಿ, “ಚದವಂಡಿ ಸಾಮಿ” ಎಂದಳು. ಓದಿ ಎಂದು.

ಓದಿದರು. ಎಲ್ಲ ಹಕ್ಕನ್ನೂ, ಪೂರ್ತಿ ಜಮೀನನ್ನೂ, ಸ್ವಸಂತೋಷದಿಂದ ಬಿಟ್ಟಿದ್ದೇನೆ ಎಂದಿತ್ತು. ರೊಪ್ಪದ ಸುದ್ದಿಯೇ ಇಲ್ಲ.

“ರೊಪ್ಪ ಎಲ್ಲೋಯ್ತು?” ಎಂದವನು ಅಣ್ಣ. ಪುಣ್ಯಾತ್ಮ, ಅವನೂ ಓದಿರಲಿಲ್ಲ. ಪತ್ರ ಬರೆಯುವವರಿಗೆ ಬಾಯಲ್ಲಿ ಹೇಳಿದ್ದನಂತೆ. “ಎಲ್ರಿಗೂ ಬರ್ಯೋ ತರಾನೇ ಬರ್ದೀನಿ” ಎಂದರು ಅವರು. ನನ್ನ ನಾಲಿಗೆ ತುರಿಸುತ್ತಿತ್ತು. ಅಷ್ಟರಲ್ಲಿ ಅಣ್ಣನೇ ಆ ಹಾಳೆಯನ್ನು ಹರಿದು ಜೇಬಿಗಿಟ್ಟುಕೊಂಡ.

ಮತ್ತೆ ನಾಲ್ಕಾರು ಸಲ ಓಡಾಡಿ ಭಾಗಪತ್ರವಾಯಿತು. ರೊಪ್ಪ, ಅದರ ಸುತ್ತಿನ ಎರಡು ಎಕರೆ ಅವಳ ಹೆಸರಿಗೆ. ಇನ್ನೂ ಕೇಳಬಹುದು ಎಂದು ನಾನಂದೆ. ಸಾಕು ಎಂದಳು. ತಿಳಿದು ಬಿಟ್ಟುಕೊಟ್ಟಳು, ಅದು ಅವಳಿಷ್ಟ.

ಪತ್ರ ಕೈಗೆ ಬಂದ ವಾರ ಫೋನು ಮಾಡಿದಳು. “ರುಜು ಹಾಕಿದೀನಲ್ಲಕ್ಕ, ಶುಕ್ರವಾರ ಒಬ್ಬಟ್ಟಿಗೆ ಬರ್ಬೇಕು.” ಹೋಗಿ ನೋಡಿದರೆ ರುಜು ಹಾಕಿದವರೆಲ್ಲ ಬೇಳೆ ಬೆಲ್ಲ ಹೊತ್ತು ತಂದಿದ್ದಾರೆ. ರೊಪ್ಪದ ಮುಂದೆ ಮೂರು ಒಲೆ. ಅಣ್ಣ ತುಪ್ಪದ ಗಿಂಡಿ ಹಿಡಿದು ಬಡಿಸುತ್ತಿದ್ದ. ನಾಲ್ಕು ಒಬ್ಬಟ್ಟು ತಿಂದೆ. ಇಷ್ಟು ಸಂತೋಷ ನನಗೆ ಮಗಳ ಮದುವೆಯಲ್ಲೂ ಆಗಿರಲಿಲ್ಲ, ಅಲ್ಲಿ ಬೀಗರಿದ್ದರು.

ಹೊರಡುವಾಗ ಆ ಕಾಲೇಜು ಓದಿದ ಸೊಸೆ ಒಂದು ಹಾಳೆ ಚಾಚಿ, “ಬಂದಿದ್ಕೆ ಒಂದು ರುಜು ಹಾಕಿ ಆಂಟಿ” ಎಂದಳು. ತುಪ್ಪದ ಕೈ ಒರೆಸಿಕೊಂಡು ಹಾಕಿದೆ. ಒಲೆಯ ಸುತ್ತ ಇದ್ದವರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು. ಕುರಿಯವಳು ಹಾಳೆ ಇಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: “ಬರೋ ವರ್ಷ, ಇದೇ ರೊಪ್ಪದ ಮುಂದೆ, ಒಬ್ಬಟ್ಟು ನಂದು.”

ಒಬ್ಬಟ್ಟು ತಟ್ಟಲು ನನಗೆ ಬರುವುದಿಲ್ಲ. ಈಗ ಕಲಿಯುತ್ತಿದ್ದೇನೆ.